ಕಪ್ಪು ಕೋಳಿ ಕದ್ದು ಕುಡಿದ ಮದ್ದು

ಆ್ಯಂಟಿಬಯಾಟಿಕ್ ಮದ್ದುಗಳು ರೋಗಾಣುಗಳ ಮುಂದೆ ಯಾಕೆ ಸೋಲುತ್ತವೆ ಎಂದು ಸಂಶೋಧನೆ ಮಾಡುತ್ತಿದ್ದ ನಫೀಸಾ ಡಾಕ್ಟರು ಎರಡು ಕೋಳಿ ಸಾಕಿದ್ದರು. ಕೆಂಪು ಕೋಳಿಗೆ ಕಾಯಿಲೆಯಾದಾಗ ಅದನ್ನು ಮಡಿಲಲ್ಲಿ ಕೂರಿಸಿಕೊಂಡು ಮದ್ದು ಕುಡಿಸಿದರು. ಕಪ್ಪು ಕೋಳಿಗೆ ಹೊಟ್ಟೆ ಉರಿಯಿತು.

"ನನಗೂ ಕೊಡಿ," ಎಂದಿತು.

"ನಿನಗೇನಾಗಿದೆ? ಗಟ್ಟಿಮುಟ್ಟಾಗಿದ್ದೀಯಲ್ಲ," ಎಂದರು ಡಾಕ್ಟರು.

"ಅವಳ ಮೇಲೆ ಮಾತ್ರ ಪ್ರೀತಿ!" ಎಂದು ಮುನಿದ ಕಪ್ಪು ಕೋಳಿ, ಅವರು ಅತ್ತ ಹೋದಾಗಲೆಲ್ಲ ಬಟ್ಟಲಿನ ಮದ್ದನ್ನು ಗುಟುಕು ಗುಟುಕಾಗಿ ಕದ್ದು ಕುಡಿಯಿತು.

ಕೆಂಪು ಕೋಳಿ ಗುಣವಾಯಿತು. ಆಮೇಲೊಮ್ಮೆ ಕಪ್ಪು ಕೋಳಿಯೇ ಕಾಯಿಲೆ ಬಿತ್ತು. ಡಾಕ್ಟರು ಅದನ್ನೂ ಮಡಿಲಿಗೆ ತೆಗೆದುಕೊಂಡು ಅದೇ ಮದ್ದು ಕುಡಿಸಿದರು. ಜ್ವರ ಇಳಿಯಲಿಲ್ಲ.

"ಮದ್ದು ಬಂತು, ಓಡಿಹೋಗಿ!" ಎಂದು ಕೋಳಿ ತನ್ನೊಳಗಿನ ರೋಗಾಣುಗಳನ್ನು ಗದರಿತು.

"ಯಾಕೆ ಓಡಬೇಕು?" ಎಂದವು ಅವು. "ದಿನಾ ಸ್ವಲ್ಪಸ್ವಲ್ಪ ಕುಡಿಸಿ ನಮಗೆ ಇದನ್ನು ಅಭ್ಯಾಸ ಮಾಡಿಸಿದವಳು ನೀನೇ ಅಲ್ಲವೇ?"