ಮಹಾರಾಜರು ಕಂಡ ರಾಜಹಂಸ

“ಕೇಳ್ರಪ್ಪೋ ಕೇಳಿ! ಅಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿದವರಿಗೆ ಬೇಡಿದ್ದು ಸಿಗುತ್ತದೆ, ತಪ್ಪಿದವರ ತಲೆ ಉಳಿಯುವುದಿಲ್ಲ!” ಎಂದು ಹೊಂಗೆರೆಯ ಬೀದಿಗಳಲ್ಲಿ ಡಂಗುರ ಸಾರಿದರು.

ಆನೆಯ ಮೇಲೆ ಅಂಬಾರಿಯೂ ಜನರ ಕೈಯಲ್ಲಿ ಮೊಬೈಲೂ ಇದ್ದ ರಾಜ್ಯ ಅದು. ಕಂಡ ಹಕ್ಕಿಯನ್ನೆಲ್ಲ ಪ್ರಜೆಗಳು ಅರಮನೆಯ ಜಾಲತಾಣದಲ್ಲಿ ದಾಖಲಿಸಬೇಕು. ಮಹಾರಾಜರಿಗೆ ಅದೊಂದು ಹುಚ್ಚು. ಬಂದ ದಾಖಲೆಗಳನ್ನು ಪರೀಕ್ಷಿಸುವ ಕೆಲಸ ಮಗಳು ಪುಟ್ಟಮ್ಮಣ್ಣಿಯದು. ಒಂದು ಮುಂಜಾನೆ ಕೆರೆಯಲ್ಲಿ ಕೆಂಪು ರೆಕ್ಕೆಯ ರಾಜಹಂಸ ಕಂಡೆವೆಂದು ಸ್ವತಃ ಮಹಾರಾಜರೇ ಬರೆದರು. ಅದು ಬೆದರೀತೆಂದು ಕೆರೆಗೆ ಯಾರೂ ಇಳಿಯಬಾರದೆಂದು ಅಪ್ಪಣೆ ಮಾಡಿದರು. ಬಲೆ ಬೀಸಿ, ಹರಿಗೋಲು ನಡೆಸಿ ಬದುಕುತ್ತಿದ್ದ ಕೆಂಚನ ಕೇರಿಯಲ್ಲಿ ಒಲೆ ಉರಿಯುವುದೇ ಅಪರೂಪವಾಯಿತು. ಹಸಿದವನಿಗೆ ತಲೆಯ ಚಿಂತೆ ಎಲ್ಲಿಯದು? ಡಂಗುರ ಕೇಳಿ ಕೆಂಚ ಅರಮನೆಗೆ ಹೊರಟ.

ಮಹಾರಾಜರು ಕುಳಿತ ಸಭೆಯಲ್ಲಿ ಅವನೆದುರೇ ಇಬ್ಬರು ಸೋತರು. “ದಿನವೂ ಮನೆಬಾಗಿಲಿಗೆ ಬಂದರೂ ನಮ್ಮ ಜಾಲತಾಣಕ್ಕೆ ಬರದ ಹಕ್ಕಿ ಯಾವುದು?” ಎಂದು ಅಮ್ಮಣ್ಣಿ ಕೇಳಿದರೆ ಪಂಡಿತರೊಬ್ಬರು ಗರುಡ ಎಂದರು. ಸರದಾರನ ಮಗ ಮೀಸೆ ತಿರುವಿ ಗಂಡಭೇರುಂಡ ಎಂದ. ದಿನವೂ ಬಾಗಿಲಿಗೆ ಗಂಡಭೇರುಂಡವಂತೆ! ಇಬ್ಬರನ್ನೂ ಕಾವಲಿನವರು ಸೆರೆಮನೆಗೆ ಎಳೆದೊಯ್ದರು.

“ಕಾಗೆ, ತಾಯೀ,” ಎಂದ ಕೆಂಚ. “ದಿನಾ ಕಾಣೋದನ್ನ ಯಾರು ಬರೀತಾರೆ?”

“ಸರಿ. ಹಕ್ಕಿಯ ಹೆಸರೇ ಇಲ್ಲದಿದ್ದರೂ ನಾನು ನಂಬುವ ದಾಖಲೆ ಯಾವುದು?”

“ಹಕ್ಕಿ ಕಂಡೆ, ಯಾವುದೋ ಗೊತ್ತಾಗಲಿಲ್ಲ ಅಂತ ಬರೆದದ್ದು. ಹಂಗೆ ಸುಳ್ಳು ಬರೆದು ಯಾರಿಗೇನು ಲಾಭ?”

ಪುಟ್ಟಮ್ಮಣ್ಣಿಯ ದನಿ ತಗ್ಗಿತು. “ಒಬ್ಬರ ಬಾಯಲ್ಲಿ ಹುಟ್ಟಿ, ನೂರಾರು ಜನರ ಕಣ್ಣಿಗೆ ಬಿದ್ದು, ಕೆರೆಗೆ ಮಾತ್ರ ಇಳಿಯದ ಹಕ್ಕಿ?”

ಅಮ್ಮಣ್ಣಿ ತಂದೆಯ ಕಡೆ ನೋಡಲಾರದೆ ತಲೆ ತಗ್ಗಿಸಿದ್ದಳು. ಪಾಪ, ಇವಳಿಗೂ ಹೇಳುವ ಧೈರ್ಯ ಬಂದಿಲ್ಲ ಎಂದು ಕೆಂಚನಿಗೆ ಅನ್ನಿಸಿತು.

“ಮಹಾರಾಜರು ಕಂಡ ರಾಜಹಂಸ,” ಎಂದುಬಿಟ್ಟ.

“ನಾವು ಸುಳ್ಳು ಬರೆದೆವೇನೋ?” ಎಂದು ಮಹಾರಾಜರು ಎದ್ದು ನಿಂತರು.

“ಸುಳ್ಳಲ್ಲ ಬುದ್ಧಿ. ಆವತ್ತು ಹರಿಗೋಲು ನಡೆಸಿದವನು ನಾನೇ. ಹಾರಿದ್ದು ಬೆಳ್ಳಕ್ಕಿ. ಆಗತಾನೆ ಹೊತ್ತು ಮೂಡ್ತಿತ್ತು, ರೆಕ್ಕೆ ಕೆಂಪಗೆ ಕಾಣ್ತು. ತಾವು ರಾಜಹಂಸ ಅಂದ್ರಿ. ನಾನು ಹೌದು ಬುದ್ಧಿ ಅಂದು ಮೊಬೈಲಲ್ಲೂ ಹಂಗೇ ಬರೆದೆ. ನಮ್ಮಿಬ್ಬರದು ನೋಡಿ ಊರೆಲ್ಲ ಬರೀತು. ಕೆರೆ ಮುಚ್ಚಿಸಿದ್ದರಲ್ಲಿ ನನ್ನ ತಪ್ಪೂ ಐತೆ.”

ಮಹಾರಾಜರು ಮೆಲ್ಲಗೆ ಕುಳಿತರು. “ಇಷ್ಟು ಜನರಲ್ಲಿ ಒಬ್ಬನಾದರೂ ಹೇಳಬಾರದಿತ್ತೇನೋ?”

“ಹೇಳಿದ್ರೆ ತಲೆ ಹೋಗ್ತದಲ್ಲ, ಬುದ್ಧಿ.”

ಮಹಾರಾಜರ ಮುಖ ಬಾಡಿತು. ಮಗಳ ಕೈಗೆ ತಮ್ಮ ಮೊಬೈಲು ಕೊಟ್ಟು, “ಅಳಿಸಮ್ಮ,” ಎಂದರು. “ಏನು ಬೇಕೋ ಕೇಳು, ಕೆಂಚ.”

ಅವನು ಕೆರೆಯನ್ನು ಕೇಳಿದ. ಜೊತೆಗೆ ಸೆರೆಯಲ್ಲಿದ್ದ ಆ ಇಬ್ಬರ ತಲೆಗಳನ್ನೂ ಕೇಳಿ, ಅವರವರ ಹೆಗಲ ಮೇಲೆಯೇ ಉಳಿಸಿಕೊಟ್ಟ. ತಪ್ಪು ತೋರಿಸಿದವರ ತಲೆ ಇನ್ನು ಮುಂದೆ ಹೋಗದೆಂದು ಆ ದಿನವೇ ಮತ್ತೊಂದು ಡಂಗುರ ಹೊರಟಿತು. ಸಂಜೆಗೆ ಕೇರಿಯ ಮನೆಮನೆಯಲ್ಲೂ ಮೀನಿನ ಸಾರು ಕುದಿಯಿತು. ಅವರು ಉಂಡರು, ಕತೆ ಕೇಳಿದ ನೀವೂ ಎದ್ದು ಹೊಟ್ಟೆತುಂಬ ಉಣ್ಣಿ.