ಚಂದವ್ವನ ಪರವಾಗಿ ಒಂದು ಬಾಯಿ

“ಕೇಳ್ರಪ್ಪೋ ಕೇಳಿ! ಹುಲಿಗಡಿ ಸೀಮೆಯ ದೊರೆ ಮಲ್ಲರಸರ ಅಪ್ಪಣೆ! ಪ್ರಾಣ ಉಳಿಸಿಕೊಳ್ಳೋಕೆ ಕೋವಿ ಹಾರಿಸಿದೆ ಅನ್ನೋ ಚಂದವ್ವನಿಗೆ ಬರೋ ಸೋಮವಾರ ಗಲ್ಲು! ಅವಳ ಪರವಾಗಿ ಮಾತಾಡೋರು ಮೊದಲು ದೊರೆಯ ಮೂರು ಒಗಟು ಬಿಡಿಸಬೇಕು. ಬಿಡಿಸಿದರೆ ಬೇಡಿದ್ದು ಸಿಗ್ತದೆ. ತಪ್ಪಿದರೆ ಅವಳ ಪಕ್ಕದಲ್ಲೇ ಹಗ್ಗ!”

ಡಂಗುರದವನು ಮುಂದಿನ ಬೀದಿಗೆ ಹೋದ. ಕೇಳಿದವರು ಬಾಗಿಲು ಹಾಕಿಕೊಂಡರು. ಗಡಿಯಲ್ಲಿ ಕಳ್ಳರ ಕಾಟ ಹೆಚ್ಚಿದಾಗ ಮನೆಗೊಂದು ಕೋವಿ ಕೊಟ್ಟವನು ಇದೇ ದೊರೆ. ಮದ್ದು ತುಂಬುವುದು ಹೇಗೆ, ಗುರಿ ಹಿಡಿಯುವುದು ಹೇಗೆ ಎಂದು ಕಲಿಸಲು ಆಳು ಕಳಿಸಿದ್ದ. ಹಾರಿಸಿದ ಮೇಲೆ ಏನು ಮಾಡಬೇಕೆಂದು ಮಾತ್ರ ಯಾರೂ ಕಲಿಸಿರಲಿಲ್ಲ.

ಚಂದವ್ವ ಗಂಡ ಸತ್ತ ಹೆಂಗಸು. ಒಂದು ಸಂಜೆ ಇಬ್ಬರು ಕಳ್ಳರು ಅವಳ ಬಾಗಿಲು ಮುರಿದು ನುಗ್ಗಿದರು. ಮುಂದಿದ್ದವನು ಕೊಡಲಿ ಎತ್ತಿದ, ಅವಳು ಕೋವಿ ಹಾರಿಸಿದಳು. ಹಿಂದಿದ್ದವನು ಬಿದ್ದ ಕೊಡಲಿಯನ್ನು ಎತ್ತಿಕೊಂಡು ಓಡಿದ. ಊರ ಕಾವಲಿನ ತಳವಾರರು ಬಂದು ನೋಡಿದಾಗ ಅಲ್ಲಿದ್ದದ್ದು ಒಂದು ಹೆಣ, ಬಿಸಿ ಆರದ ಒಂದು ಕೋವಿ. ಕೊಡಲಿ ಇತ್ತೆಂದರೆ ನಂಬುವವರು ಯಾರು?

ಅವಳಿಗೆ ಇದ್ದವನು ಒಬ್ಬನೇ ತಮ್ಮ, ಮಡಿವಾಳರ ದ್ಯಾವ. ಅಕ್ಕ ಸೆರೆಮನೆ ಸೇರಿದ ಐದು ತಿಂಗಳಿಂದ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಒಗೆದ ಬಟ್ಟೆಯನ್ನೇ ಮತ್ತೆ ಒಗೆಯುತ್ತಿದ್ದ. ಅರ್ಧ ಊಟಕ್ಕೆ ಎದ್ದು ಬೀದಿ ನೋಡುತ್ತಿದ್ದ. ಡಂಗುರ ಕೇಳಿದವನೇ ಹೆಗಲ ಮೇಲಿನ ಗಂಟನ್ನೂ ಇಳಿಸದೆ ಅರಮನೆಗೆ ನಡೆದ.

ಅವನಿಗಿಂತ ಮೊದಲೇ ಇಬ್ಬರು ಬಂದಿದ್ದರು, ‘ಬೇಡಿದ್ದು ಸಿಗುತ್ತದೆ’ ಎಂಬ ಆಸೆಗೆ. ದೊರೆ ಸಿಂಹಾಸನದ ಮೇಲೆ ಒಂದು ಕಾಲು ಅಲ್ಲಾಡಿಸುತ್ತ ಕೂತಿದ್ದ. ಅವನಿಗೂ ನೆಮ್ಮದಿ ಇರಲಿಲ್ಲ. ವರ್ಷಕ್ಕೆ ನಾಲ್ಕು ಇಂಥ ಹೆಣ, ನಾಲ್ಕು ಇಂಥ ಗಲ್ಲು. ಅವನು ಮೊದಲ ಒಗಟು ಕೇಳಿದ.

“ಒಂದೇ ಸಲ ಕೂಗುತ್ತದೆ. ಮುಂದೆ ನಿಂತವನು ಅರೆಗಳಿಗೆ ಕೇಳುತ್ತಾನೆ, ಹಿಂದೆ ನಿಂತವನು ಬದುಕಿರುವಷ್ಟು ದಿನವೂ ಕೇಳುತ್ತಾನೆ. ಏನದು?”

ಶಾಲು ಹೊದ್ದ ಪಂಡಿತ “ಗುಡುಗು” ಎಂದ. ಅವನನ್ನು ಎಳೆದುಕೊಂಡು ಹೋದರು. ಆಯುಧಶಾಲೆಯ ದಳವಾಯಿ ಮೀಸೆ ತಿರುವಿ “ಕೋವಿ” ಎಂದ. ದೊರೆ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದ.

“ತಪ್ಪು ಮಾಡದವನ ಕೈಗೂ ಅಂಟುತ್ತದೆ. ಹೊಳೆಯ ನೀರಿಗೆ ಹೋಗುವುದಿಲ್ಲ. ತಾನೇ ತೊಳೆದುಕೊಂಡರೆ ಇನ್ನೂ ಹೆಚ್ಚುತ್ತದೆ. ಏನದು?”

“ರಕ್ತ!” ಎಂದ ದಳವಾಯಿ. ರಕ್ತ ಹೊಳೆಯ ನೀರಿಗೆ ಹೋಗುತ್ತದೆ; ಮೀಸೆ ಸಮೇತ ಅವನೂ ಹೋದ.

ದ್ಯಾವ ಮುಂದೆ ಬಂದಾಗ ಸಭೆ ಕಿಸಕ್ಕೆಂದಿತು. “ನಿನಗೂ ಸಾಯುವ ಆಸೆಯೇನಯ್ಯ?” ಎಂದ ದೊರೆ.

“ಇಲ್ಲ ಬುದ್ಧಿ, ಭಯ ಆಯ್ತದೆ. ಮೊದಲನೇದು ಕೋವಿ ಸದ್ದೇ. ನಮ್ಮಕ್ಕ ಸೆರೆಮನೇಲಿ ಈಗಲೂ ಬಾಗಿಲು ಕಿರ್ ಅಂದ್ರೆ ಬೆಚ್ಚಿಬೀಳ್ತಾಳೆ. ಎರಡನೇದು ಅನುಮಾನ. ನಾನಲ್ಲ ನಾನಲ್ಲ ಅಂದಷ್ಟೂ ಜನ ‘ಇವಳೇ’ ಅಂತಾರೆ. ಬಟ್ಟೆ ತನ್ನನ್ನ ತಾನೇ ಒಗೆದುಕೊಳ್ತದಾ ಬುದ್ಧಿ? ಇನ್ನೊಬ್ಬರ ಕೈ ಬೇಕು.”

ದೊರೆಯ ಕಾಲು ನಿಂತಿತು. “ಬೇಡದ ದಿನ ಇಟ್ಟುಕೊಂಡಿದ್ದರೆ ಬೇಕಾದ ದಿನ ಸಿಗುತ್ತದೆ. ಬೇಕಾದ ದಿನ ಹುಡುಕಿದರೆ ನೆರೆಮನೆಯಲ್ಲೂ ಸಿಗುವುದಿಲ್ಲ. ಏನದು?”

“ಬಾವಿ ಅನ್ನೋ” ಎಂದು ಹಿಂದಿನಿಂದ ಯಾರೋ ಪಿಸುಗುಟ್ಟಿದರು. ಬಾವಿಯೇ ಇರಬಹುದೇ ಎಂದು ದ್ಯಾವ ಯೋಚಿಸಿದ. ನಮ್ಮ ಬಾವಿ ಬತ್ತಿದರೆ ನೆರೆಯವರು ಒಂದು ಕೊಡ ಕೊಡುತ್ತಾರಲ್ಲ? ಅಕ್ಕನನ್ನು ಹಿಡಿದುಕೊಂಡು ಹೋದ ದಿನ ತಾನು ಮನೆಮನೆಗೆ ಹೋಗಿ ಕೇಳಿದ್ದೇನು?

“ಪರವಾಗಿ ಮಾತಾಡೋ ಬಾಯಿ, ಬುದ್ಧಿ,” ಎಂದ. “ಒಲೆ ಹಚ್ಚೋಕೆ ಕೊಳ್ಳಿ ಕೇಳಿದ್ರೆ ನೆರೆಯವರು ಕೊಡ್ತಿದ್ದರು. ಅಕ್ಕನ ಪರ ಒಂದು ಮಾತು ಆಡಿ ಅಂದದ್ದಕ್ಕೆ ಬಾಗಿಲು ಹಾಕಿದರು. ಕೋವಿ ಕೊಟ್ಟ ದಿನವೇ ಆ ಬಾಯನ್ನೂ ನೀವು ಕೊಡಬೇಕಿತ್ತು.”

ದೊರೆಯ ಮುಖ ಕೆಂಪಾಯಿತು. ಆಮೇಲೆ ಇಳಿಯಿತು. “ಗೆದ್ದೆ. ಬೇಡು. ಅಕ್ಕನನ್ನು ಕ್ಷಮಿಸಬೇಕೆ?”

“ಕ್ಷಮೆ ಬೇಡ ಬುದ್ಧಿ. ಕ್ಷಮಿಸಿದರೆ ಕೊಂದವಳು ಅಂತಲೇ ಉಳೀತಾಳೆ. ವಿಚಾರಣೆ ಬೇಕು. ಮೊದಲು ಸತ್ತವನ ತಾಯಿನ ಒಂದು ಮಾತು ಕೇಳ್ತೀನಿ.”

ಸಭೆಯ ಬಾಗಿಲಲ್ಲಿ ಒಬ್ಬ ಮುದುಕಿ ಕೂತಿದ್ದಳು. ಮಗನ ಸಾವಿಗೆ ನ್ಯಾಯ ಕೇಳಿ ಐದು ತಿಂಗಳಿಂದ ಅಲ್ಲೇ ಕೂರುತ್ತಿದ್ದಳು. ದ್ಯಾವ ಅವಳ ಮುಂದೆ ನೆಲದ ಮೇಲೆ ಕೂತ.

“ಅವ್ವಾ, ನನ್ನ ಗುರುತು ಸಿಕ್ತಾ?”

“ಸಿಗದೇನಪ್ಪ? ಸಾವಿನ ಮನೆ ಬಟ್ಟೆ ಒಗೆಯೋಕೆ ನೀನೇ ಬಂದಿದ್ದೆ. ಕೊಂದವಳ ತಮ್ಮ ಬರಾಕಿಲ್ಲ ಅಂದುಕೊಂಡಿದ್ದೆ.”

“ನಿನ್ನ ಮಗನ ಪಂಚೇನೂ ನಾನೇ ಒಗೆದೆ. ಅತ್ತುಕೊಂಡೇ ಒಗೆದೆ. ಅವನು ಅವತ್ತು ಮನೆಯಿಂದ ಹೊರಟಾಗ ಕೈಯಾಗೆ ಏನಿತ್ತವ್ವ?”

ಮುದುಕಿ ಸೆರಗಿನ ತುದಿ ತಿರುಚಿದಳು. ಅವತ್ತು ಮನೆಯ ಬಾಗಿಲಿಗೆ ಅಡ್ಡ ನಿಂತವಳು ಅವಳೇ, ಮಗ ತಳ್ಳಿ ಹೋಗಿದ್ದ.

“ಕೊಡಲಿ,” ಎಂದಳು. “ಬ್ಯಾಡ ಮಗಾ ಅಂದೆ. ಇಷ್ಟು ದಿನ ಇಲ್ಲೇ ಕೂತಿವ್ನಿ, ನನ್ನನ್ನೂ ಯಾರೂ ಕೇಳಲಿಲ್ಲ.”

ದ್ಯಾವ ಗೆದ್ದವನಂತೆ ಏಳಲಿಲ್ಲ. ಆ ಮುದುಕಿಯ ಕೈ ಹಿಡಿದು ಅತ್ತ.

ದೊರೆ ಚಂದವ್ವನನ್ನು ಸೆರೆಮನೆಯಿಂದ ಕರೆಸಿ, ಅವಳದು ತಪ್ಪಿಲ್ಲವೆಂದು ಬೇಡಿ ಬಿಚ್ಚಿಸಿದ. ಪಂಡಿತನ, ದಳವಾಯಿಯ ಕತ್ತುಗಳೂ ಉಳಿದವು; ಬುದ್ಧಿ ಬಂತೋ ಇಲ್ಲವೋ ತಿಳಿಯದು. ಕೋವಿ ಇಟ್ಟ ಮನೆಗಳೆಲ್ಲ ವರ್ಷಕ್ಕೊಂದು ಕೊಳಗ ರಾಗಿ ಕೊಡಬೇಕು, ಅದರಲ್ಲಿ ನುಡಿಗಾರರನ್ನು ಸಾಕಬೇಕು, ಹಾರಿಸಿದವರ ಪರ ಒಬ್ಬ, ಸತ್ತವರ ಮನೆಯ ಪರ ಒಬ್ಬ ಮಾತಾಡಬೇಕು ಎಂದು ದೊರೆ ಕಟ್ಟಳೆ ಮಾಡಿದ. “ಗುಂಡೇ ಹಾರಿಸದವನು ಯಾಕೆ ಕೊಡಬೇಕು?” ಎಂದು ಶಾನುಭೋಗ ಗೊಣಗಿದ. “ಮಳೆ ಬಾರದ ದಿನ ನಿನ್ನ ಮನೆ ಸೂರು ಕಿತ್ತಿಡುತ್ತೀಯೇನು?” ಎಂದ ದೊರೆ. ಮೊದಲ ನುಡಿಗಾರನಾದವನು ದ್ಯಾವ. ಬಟ್ಟೆ ಒಗೆಯುವುದನ್ನು ಬಿಡಲಿಲ್ಲ.

ಮರುದಿನ ಹೊಳೆದಂಡೆಯಲ್ಲಿ ಅವನು ಅಕ್ಕ ಆ ಸಂಜೆ ಉಟ್ಟಿದ್ದ, ಕಲೆಯಾದ ಸೀರೆ ಒಗೆಯುತ್ತಿದ್ದ. ಚಂದವ್ವ ಕಲ್ಲಿನ ಮೇಲೆ ಕೂತು ನೋಡುತ್ತಿದ್ದಳು.

“ಹೋಯ್ತೇನೋ?”

ಅವನು ಸೀರೆಯನ್ನು ಬಿಸಿಲಿಗೆ ಹಿಡಿದು ನೋಡಿದ.

“ಊರವರ ಕಣ್ಣಿಗೆ ಹೋಯ್ತಕ್ಕ,” ಎಂದು ಮತ್ತೆ ನೀರಿಗದ್ದಿದ. “ನಿನ್ನ ಕಣ್ಣಿಗೆ ಕಾಣೋದು ನಿಲ್ಲೋ ತನಕ ಒಗೀತಿರ್ತೀನಿ.”