ಮೋನಪ್ಪನ ಮೂರು ಅಲಗು

ಕಮ್ಮಾರ ಓಣಿಯ ಸಾವಂತ್ರವ್ವನಿಗೆ ಒಬ್ಬನೇ ಮಗ, ಮೋನಪ್ಪ. ವಯಸ್ಸು ಮೂವತ್ತು, ತೋಳು ಕಬ್ಬಿಣ, ತಲೆಯೂ ಅದೇ. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಒಳ್ಳೆಯದಾಯ್ತಲ್ಲ ಅನ್ನಬೇಡಿ, ಮುಂದೆ ಕೇಳಿ.

ಸಾವಂತ್ರವ್ವನ ಗಂಡ ಸಾಯುವ ಮುಂಚೆ ಮೂರು ಚಾಕುವಿನ ಅಲಗು ಬಡಿದಿಟ್ಟಿದ್ದ. ಎರಡು ಜಾತಿ ಉಕ್ಕು, ಪದರದ ಮೇಲೆ ಪದರ. ಪೇಟೆಯವರು ಡಮಾಸ್ಕಸ್ ಅನ್ನುತ್ತಾರೆ. ಆಸಿಡ್‌ನಲ್ಲಿ ಅದ್ದಿದರೆ ಒಂದು ಉಕ್ಕು ಕಪ್ಪಾಗುತ್ತದೆ, ಇನ್ನೊಂದು ಬೆಳ್ಳಗೇ ಉಳಿಯುತ್ತದೆ, ಅಲೆಅಲೆಯಾಗಿ ಗೆರೆಗಳು ಏಳುತ್ತವೆ. ಪಕ್ಕದೂರಿನ ಕಮ್ಮಾರ ನಾಗಲಿಂಗಪ್ಪ ಮಾತು ಕೊಟ್ಟಿದ್ದ: "ನಿಮ್ಮ ಹುಡುಗ ತನ್ನ ಕೈಲೆ ಒಂದ ಅಲಗಿಗೆ ಗೆರಿ ಎಬ್ಬಿಸಿ ತೋರಸ್ಲಿ, ಮಗಳನ್ನ ಕೊಡ್ತೀನಿ. ಶುಕ್ರವಾರ ಬರ್ತೀನಿ."

ಸಾವಂತ್ರವ್ವನಿಗೆ ಕಣ್ಣು ಮಂಜಾಗುತ್ತಿತ್ತು. ತಾನು ಹೋದರೆ ಈ ಮಗನಿಗೆ ಯಾರು ಗತಿ? ಅದೊಂದೇ ಚಿಂತೆ ಅವಳನ್ನು ತಿನ್ನುತ್ತಿತ್ತು.

ಸೋಮವಾರ ಮೊದಲನೇ ಅಲಗು ಕೊಟ್ಟಳು. "ಸೋಪು ಹಚ್ಚಿ ತೊಳಿ. ತೊಳದ ಮ್ಯಾಲೆ ಕೈ ಮುಟ್ಟಿಸಬ್ಯಾಡ. ಕೈಯಾಗ ಜಿಡ್ಡಿರ್ತೈತಿ, ಆಸಿಡ್ ಹಿಡಿಯೂದಿಲ್ಲ."

"ಆಗ್ಲಿ ಬೇ."

ಕೈ ಮುಟ್ಟಿಸಲಿಲ್ಲ. ಕಾಲ್ಬೆರಳಲ್ಲಿ ಹಿಡಿದು, ಕುಂಟುತ್ತ ಹೋಗಿ, ಆಸಿಡ್‌ಗೆ ಬಿಟ್ಟ. ಅವ್ವ ಇಕ್ಕಳದಲ್ಲಿ ಎತ್ತಿ ನೋಡುತ್ತಾಳೆ, ಗೆರೆಗಳ ನಟ್ಟನಡುವೆ ಕಾಲಿನ ಹೆಬ್ಬೆಟ್ಟಿನ ಗುರುತು!

"ಅಯ್ಯ ನನ್ನ ಕರ್ಮವೇ! ತಂತಿ ಕಟ್ಟಿ, ಇಳಿಬಿಟ್ಟು, ಹತ್ತ ನಿಮಿಷ ಮುಳುಗಿಸಿ ಎತ್ತಬೇಕಲೇ!"

"ಹಂಗ ಹೇಳಬೇಕಿಲ್ಲ ಮತ್ತ? ಇನ್ನ ಹಂಗ ಮಾಡ್ತೀನಿ."

ಮಂಗಳವಾರ ಬೀಗರ ಹೋಳಿಗೆಗೆಂದು ಬೆಲ್ಲ ತರಲು ಕಳಿಸಿದಳು. ಮೋನಪ್ಪ ಅಚ್ಚು ಬೆಲ್ಲಕ್ಕೆ ತಂತಿ ಕಟ್ಟಿದ, ಕೆರೆಗೆ ಇಳಿಬಿಟ್ಟ, ಹತ್ತು ನಿಮಿಷ ಕಾದ. ಮನೆಗೆ ಬಂದದ್ದು ತಂತಿ.

"ಬೆಲ್ಲ ಎಲ್ಲೆಲೇ?"

"ಗೆರಿ ಏಳ್ಲಿಲ್ಲ ಬೇ. ಬೆಲ್ಲಾನೂ ಏಳ್ಲಿಲ್ಲ."

"ಮೂಳಾ! ಅರಿವ್ಯಾಗ ಸುತ್ತಿ, ಗಟ್ಟಿ ಗಂಟು ಹಾಕಿ, ಹನಿ ನೀರು ತಾಕದಂಗ ತರಬೇಕಲೇ!"

"ಹಂಗ ಹೇಳಬೇಕಿಲ್ಲ ಮತ್ತ?"

ಬುಧವಾರ ಎರಡನೇ ಅಲಗು. ಮೋನಪ್ಪ ಅಪ್ಪನ ಹಳೇ ಧೋತ್ರದಲ್ಲಿ ಸುತ್ತಿದ, ಗಟ್ಟಿ ಗಂಟು ಹಾಕಿದ, ಗಂಟಿನ ಸಮೇತ ಆಸಿಡ್‌ನಲ್ಲಿ ಮುಳುಗಿಸಿದ. ಧೋತ್ರ ಚಿಂದಿಯಾಯಿತು. ಅಲಗಿನ ತುಂಬ ಕಲೆ.

ಸಾವಂತ್ರವ್ವ ಬೈಯಲಿಲ್ಲ. ಕುಲುಮೆಯ ಮುಂದೆ ಕೂತು ಅತ್ತಳು. ಗಂಡನ ಕೈಗೆಲಸ ಇನ್ನು ಒಂದೇ ಒಂದು ಉಳಿದಿತ್ತು.

ಗುರುವಾರ ಮಗನ ಮಗ್ಗುಲಲ್ಲೇ ಕೂತಳು. ತಂತಿ ಕಟ್ಟು ಅಂದಳು, ಕಟ್ಟಿದ. ಮುಳುಗಿಸು ಅಂದಳು, ಮುಳುಗಿಸಿದ. ಎತ್ತು ಅಂದಳು, ಎತ್ತಿದ.

"ಈಗ ಸೋಡಾಪುಡಿ ನೀರು ಹಾಕು, ಆಸಿಡ್ ಸಾಯ್ಲಿ. ಇನ್ನ ಈ ಉಸುಕು ಮೆತ್ತಿದ ಉಪ್ಪುಕಾಗದಲೆ ತಿಕ್ಕು. ಗೆರಿ ಎದ್ದು ಕಾಣೂತನಕ ತಿಕ್ಕು. ಯಾರ ಏನಂದ್ರೂ ಕೈ ಬಿಡಬ್ಯಾಡ! ಆಮ್ಯಾಲೆ ಎಣ್ಣಿ ಹಚ್ಚು."

ತಿಕ್ಕಿದ. ಓಣಿಯವರು ಕರೆದರು, ಏಳಲಿಲ್ಲ. ಊಟ ಆರಿತು, ಏಳಲಿಲ್ಲ. ಸಂಜೆಗೆ ಅಲಗಿನ ಮೇಲೆ ಕೆರೆಗೆ ಗಾಳಿ ಬಂದ ಹಾಗೆ ಅಲೆಗಳೆದ್ದವು. ಸಾವಂತ್ರವ್ವ ಅದನ್ನು ಕಣ್ಣಿನ ಹತ್ತಿರ ಹಿಡಿದಳು. ಗಂಡನೇ ಬಂದು ಎದುರಿಗೆ ಕೂತಷ್ಟು ಸಂತೋಷವಾಯಿತು.

"ತಿಕ್ಕೂದಂದ್ರ ಹಿಂಗ, ನನ ಮಗನ! ಇದನ್ನ ಎಂದೂ ಮರಿಬ್ಯಾಡ!"

"ಮರಿಯೂದಿಲ್ಲ ಬೇ."

ಶುಕ್ರವಾರ ನಾಗಲಿಂಗಪ್ಪ ಧೂಳು ಮೆತ್ತಿಕೊಂಡು ಬಂದ. ಅಲಗನ್ನು ಬಿಸಿಲಿಗೆ ಹಿಡಿದ, ತಿರುಗಿಸಿದ, ಮತ್ತೆ ತಿರುಗಿಸಿದ. "ಭೇಷ್! ತಂದಿ ಕೈ ಮಗಗ ಬಂದೈತಿ. ಜಳಕಾ ಮಾಡಿ ಬರ್ತೀನಿ, ವೀಳ್ಯ ಹಿಡಿಯೂಣು ಬೀಗತಿ."

ಸಾವಂತ್ರವ್ವ ತಟ್ಟೆಗೆ ಎಲೆ ಅಡಿಕೆ ಜೋಡಿಸುತ್ತ ಕೂಗಿದಳು, "ಮೋನಪ್ಪಾ, ನಿಮ್ಮ ಮಾವಾರಿಗೆ ನೀರು ಹಾಕಿ ಬೆನ್ನು ತಿಕ್ಕು!"

ಮೋನಪ್ಪ ಸೋಪು ಹಚ್ಚಿದ. ಸೋಡಾಪುಡಿ ನೀರು ಹಾಕಿದ. ಆಮೇಲೆ ಬಚ್ಚಲಿನಿಂದ ಬಂದ ಕೂಗು ಮೂರು ಓಣಿಗೆ ಕೇಳಿಸಿತು.

"ಅಯ್ಯಯ್ಯಪ್ಪೋ! ಬಿಡಲೇ! ಸತ್ತೆ! ಬಿಡೋ!"

ಯಾರು ಏನಂದರೂ ಬಿಡಬಾರದಲ್ಲ? ಬಿಡಲಿಲ್ಲ. ಸಾವಂತ್ರವ್ವ ಓಡಿ ಬಂದಾಗ ಮೋನಪ್ಪನ ಒಂದು ಕೈ ಮಾವನ ಕುತ್ತಿಗೆ ಮೇಲೆ, ಇನ್ನೊಂದರಲ್ಲಿ ಉಪ್ಪುಕಾಗದ, ಮುಖದ ತುಂಬ ನಗು.

"ಅವ್ವಾ, ಬಂದು ನೋಡು! ಎಷ್ಟ ಚಂದ ಗೆರಿ ಎದ್ದಾವು! ಎಣ್ಣಿ ಎಲ್ಲಿಟ್ಟೀ?"

ಆ ವೀಳ್ಯದ ತಟ್ಟೆ ಇನ್ನೂ ಪಡಸಾಲೆಯಲ್ಲೇ ಇದೆ. ಹೆಣ್ಣಿರುವವರು ಬೇಕಾದರೆ ಹೋಗಿ ಹಿಡಿಯಿರಿ, ಜಳಕ ಮಾತ್ರ ನಿಮ್ಮ ಮನೆಯಲ್ಲೇ ಮಾಡಿಕೊಂಡು ಹೋಗಿ.